ಕಾಲ ಕೆಳಗಿನ ಪಠ್ಯಪುಸ್ತಕ

ಆಳಂದದಿಂದ ಕಲಬುರಗಿಗೆ ಹೊರಟ ಬಸ್ಸು ಕಡಗಂಚಿ ದಾಟುವಾಗ ಎರಡೂ ಬದಿಯ ಕಿಟಕಿಯಲ್ಲಿ ಒಂದೇ ನೋಟ. ಕಣ್ಣು ಹಾಯುವಷ್ಟು ದೂರ ಎರೆ ಭೂಮಿ, ತೊಗರಿ ಹೊಲ, ಹಳ್ಳದ ದಂಡೆಯಲ್ಲಿ ಇಣುಕುವ ಕಗ್ಗಲ್ಲು. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮಾ ನದಿ ದಾಟಿ, ಜೇವರ್ಗಿ ಸೀಮೆಗೆ ಬಂದರೆ ಅಂಗಳದ ಹಾಸು, ಗೋಡೆಯ ಕಲ್ಲು, ಬದುವಿನ ಕಲ್ಲು ಬೂದು ಬಣ್ಣಕ್ಕೆ ತಿರುಗುತ್ತವೆ. ಅದು ಪರಸಿಗಲ್ಲಿನ ನಾಡು. ಇನ್ನೂ ದಕ್ಷಿಣಕ್ಕೆ ಶಹಾಪುರದ ಕಡೆ ಸಾಗಿದರೆ ಮಲಗಿದ ಬುದ್ಧನಂತೆ ತೋರುವ ದುಂಡು ಬಂಡೆಗಳ ಬೆಟ್ಟ ಎದುರಾಗುತ್ತದೆ. ಬಸ್ಸಿನ ಲೆಕ್ಕದಲ್ಲಿ ಇದು ಅರ್ಧ ದಿನದ ಪ್ರಯಾಣ. ಭೂಮಿಯ ಲೆಕ್ಕದಲ್ಲಿ ಇದು 6.6 ಕೋಟಿ ವರ್ಷದ ಕಲ್ಲಿನಿಂದ ಹೊರಟು ಸುಮಾರು 250 ಕೋಟಿ ವರ್ಷದ ಕಲ್ಲನ್ನು ಮುಟ್ಟುವ ಯಾತ್ರೆ.

ಇದೇ ಬಸ್ಸುಗಳಲ್ಲಿ ಓಡಾಡುವ ಅನೇಕ ಯುವಕ ಯುವತಿಯರ ಚೀಲದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿರುತ್ತವೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂಬ ಮೂರು ಹೆಸರು. ಅವುಗಳ ಕೆಳಗೆ ಉದಾಹರಣೆಗಳ ಪಟ್ಟಿ. ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ. 'ಬಸಾಲ್ಟ್ ಅಗ್ನಿಶಿಲೆ' ಎಂದು ನೂರು ಸಲ ಬರೆದು ಉರು ಹೊಡೆದ ಹುಡುಗನಿಗೆ ತನ್ನ ಮನೆಯ ಬಾವಿಯನ್ನು ಅಜ್ಜ ಕಡಿಸಿದ್ದು ಬಸಾಲ್ಟಿನಲ್ಲೇ ಎಂಬುದು ಗೊತ್ತಿರುವುದಿಲ್ಲ. ಭೂವಿಜ್ಞಾನ ಕಷ್ಟ ಎಂಬ ದೂರಿನ ಬೇರು ಬಹುಮಟ್ಟಿಗೆ ಇಲ್ಲಿದೆ. ಕಲ್ಲನ್ನು ಕಂಡ ಮೇಲೆ ಹೆಸರು ಕಲಿಯಬೇಕಾದ ಶಾಸ್ತ್ರ ಇದು. ನಮ್ಮಲ್ಲಿ ಹೆಸರು ಮೊದಲು ಬಂದು, ಕಲ್ಲು ಕೊನೆಯವರೆಗೂ ಬರುವುದೇ ಇಲ್ಲ.

ಪರೀಕ್ಷೆ ಏನು ಕೇಳುತ್ತದೆ?

ಭೂವಿಜ್ಞಾನವನ್ನು ಓದುವ ಸ್ಪರ್ಧಾರ್ಥಿಗಳಲ್ಲಿ ಎರಡು ಬಗೆ. ನಾಗರಿಕ ಸೇವೆ, ಕೆ.ಎ.ಎಸ್. ಮೊದಲಾದ ಪರೀಕ್ಷೆಗಳಿಗೆ ಕೂರುವವರು ಇದನ್ನು ಭೂಗೋಳದ ಅಂಗವಾಗಿ ಓದುತ್ತಾರೆ. ಅವರಿಗೆ ಶಿಲೆ, ಮಣ್ಣು, ಖನಿಜ, ಭೂಕಂಪ, ಅಂತರ್ಜಲ ಇಷ್ಟರ ಖಚಿತ ತಿಳಿವಳಿಕೆ ಸಾಕು. ಎರಡನೆಯವರು ಭೂವಿಜ್ಞಾನಿಯ ಹುದ್ದೆಯನ್ನೇ ಬಯಸುವವರು. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರೀಯ ಅಂತರ್ಜಲ ಮಂಡಳಿಗೂ ಅಧಿಕಾರಿಗಳನ್ನು ಆರಿಸಲು ಕೇಂದ್ರ ಲೋಕಸೇವಾ ಆಯೋಗವು ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯನ್ನು ನಡೆಸುತ್ತದೆ. ಇದಕ್ಕೆ ಸ್ನಾತಕೋತ್ತರ ಪದವಿ ಬೇಕು. ಮೊದಲ ಹಂತದಲ್ಲಿ ಸಾಮಾನ್ಯ ಅಧ್ಯಯನಕ್ಕೆ 100, ವಿಷಯಕ್ಕೆ 300 ಅಂಕ. ಎರಡನೆಯ ಹಂತದಲ್ಲಿ ತಲಾ 200 ಅಂಕಗಳ ಮೂರು ಪತ್ರಿಕೆ. ಕೊನೆಗೆ 200 ಅಂಕಗಳ ಸಂದರ್ಶನ.

ಭೂವಿಜ್ಞಾನಿ ಹುದ್ದೆಯ ಆ ಮೂರು ಪತ್ರಿಕೆಗಳ ವಿಷಯಗಳನ್ನು ಒಂದೊಂದೇ ಬಿಡಿಸಿದರೆ ಹದಿನೈದಕ್ಕೂ ಹೆಚ್ಚು ಶಾಖೆಗಳು ಎದ್ದು ನಿಲ್ಲುತ್ತವೆ. ಮೊದಲನೆಯದರಲ್ಲಿ ಭೂಮಿಯ ಹೊರರೂಪ, ಶಿಲೆಗಳ ಮಡಿಕೆ ಮತ್ತು ಬಿರುಕು, ಕಣಶಿಲೆ, ಪಳೆಯುಳಿಕೆ, ಸ್ತರಗಳ ಕ್ರಮ. ಎರಡನೆಯದರಲ್ಲಿ ಖನಿಜ, ಭೂರಸಾಯನ, ಅಗ್ನಿಶಿಲೆ, ರೂಪಾಂತರ ಶಿಲೆ, ಭೂಫಲಕಗಳ ಚಲನೆ. ಮೂರನೆಯದರಲ್ಲಿ ಅದಿರು, ದೇಶದ ಖನಿಜ ನಿಕ್ಷೇಪ, ಅವುಗಳ ಶೋಧನೆ, ಇಂಧನ, ಅಣೆಕಟ್ಟು ಸುರಂಗಗಳ ಭೂವಿಜ್ಞಾನ, ನೈಸರ್ಗಿಕ ವಿಕೋಪ. ಪಟ್ಟಿ ನೋಡಿದರೆ ಎದೆ ನಡುಗುವುದು ಸಹಜ. ಆದರೆ ಇಷ್ಟೂ ಶಾಖೆಗಳು ಸುತ್ತಿ ಬರುವುದು ನಾಲ್ಕು ಪ್ರಶ್ನೆಗಳ ಸುತ್ತ: ಇದು ಯಾವ ಕಲ್ಲು? ಹೇಗಾಯಿತು? ಯಾವುದರ ಮೇಲೆ ಕೂತಿದೆ? ಇದರಿಂದ ಮನುಷ್ಯನಿಗೆ ಆಗುವುದೇನು? ಈ ನಾಲ್ಕಕ್ಕೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲದಲ್ಲಿ ಉತ್ತರವಿದೆ.

ಕಗ್ಗಲ್ಲಿನ ಮೆಟ್ಟಿಲು

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ನೆಲ ಹೆಚ್ಚಾಗಿ ಲಾವಾ ಗಟ್ಟಿಯಾಗಿ ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರುಕು ಬಿಟ್ಟು, ಶಿಲಾರಸ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿತು. ಒಂದು ಶಿಖರದಿಂದ ಚಿಮ್ಮುವ ಜ್ವಾಲಾಮುಖಿಯ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಇದು ಉದ್ದದ ಬಿರುಕುಗಳಿಂದ ಹೊಮ್ಮಿದ ಪ್ರವಾಹ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಆವರಿಸಿರುವ ಈ ಶಿಲಾರಾಶಿಗೆ 'ಡೆಕ್ಕನ್ ಟ್ರ್ಯಾಪ್' ಎಂದು ಹೆಸರು. ಸವೆದ ಗುಡ್ಡಗಳು ಮೆಟ್ಟಿಲುಗಳಂತೆ ಕಾಣುವುದರಿಂದ, ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಟ್ರ್ಯಾಪ್ ಎಂಬ ಪದ ಬಂದಿತು. ಪಶ್ಚಿಮಘಟ್ಟದ ಕಡೆ ಒಂದೂವರೆ ಕಿಲೋಮೀಟರಿಗೂ ಮೀರಿದ ದಪ್ಪವಿರುವ ಈ ರಾಶಿ ಪೂರ್ವಕ್ಕೆ ಬಂದಂತೆ ತೆಳುವಾಗುತ್ತ, ಕಲಬುರಗಿ ಜಿಲ್ಲೆಯಲ್ಲಿ ಮುಗಿದೇ ಹೋಗುತ್ತದೆ.

ಬೇಸಿಗೆಯಲ್ಲಿ ನೀರಿಳಿದ ತೆರೆದ ಬಾವಿಯೊಳಗೆ ಇಣುಕಿದರೆ ಈ ಪದರಗಳನ್ನು ಎಣಿಸಬಹುದು. ಮೇಲೆ ಎರೆ ಮಣ್ಣು. ಅದರ ಕೆಳಗೆ ಗರಸು, ಎಂದರೆ ಅರ್ಧ ಕರಗಿದ ಕಲ್ಲು. ಆಮೇಲೆ ತೂತು ತೂತಾದ ಕಲ್ಲು: ಲಾವಾದೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇರಿ ಉಳಿಸಿದ ಗುರುತು. ಈ ತೂತುಗಳಲ್ಲಿ ಕೆಲವೆಡೆ ಬಿಳಿಯ ಹರಳುಗಳು ತುಂಬಿರುತ್ತವೆ. ಅವು ಕ್ಯಾಲ್ಸೈಟ್, ಜಿಯೋಲೈಟ್ ಅಥವಾ ಬೆಣಚಿನ ಜಾತಿಯವು. ಅದಕ್ಕೂ ಕೆಳಗೆ ಸುತ್ತಿಗೆಗೆ ಬಗ್ಗದ ಗಟ್ಟಿ ಕಲ್ಲು. ಕೆಲವೆಡೆ ಎರಡು ಪ್ರವಾಹಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ತೆಳು ಪಟ್ಟಿ ಇರುತ್ತದೆ. ಒಂದು ಪ್ರವಾಹ ತಣಿದು, ಮಳೆ ಗಾಳಿಗೆ ಮಣ್ಣಾಗುವಷ್ಟು ಕಾಲ ಕಳೆದ ಮೇಲೆ ಇನ್ನೊಂದು ಬಂದಿತೆಂಬುದಕ್ಕೆ ಅದೇ ಸಾಕ್ಷಿ. ಇಂಥ ಬಿಡುವಿನಲ್ಲಿ ಕೆರೆಗಳೂ ಆಗಿದ್ದವು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಪ್ರವಾಹಗಳ ನಡುವಿನ ಪದರದಲ್ಲಿ ಸಿಹಿನೀರಿನ ಜೀವಿಗಳ ಪಳೆಯುಳಿಕೆಗಳು ದೊರೆತಿವೆ.

ಎರೆ ಮಣ್ಣು ಕೂಡ ಈ ಕಲ್ಲಿನ ಮಗುವೇ. ಬಸಾಲ್ಟ್ ಸವೆದಾಗ ಉಳಿಯುವ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ, ಮೇಲ್ಮಣ್ಣು ಬಿರುಕಿಗೆ ಬಿದ್ದು ನೆಲ ತನ್ನನ್ನು ತಾನೇ ಉಳುವುದೂ, ಮಳೆ ನಿಂತ ಮೇಲೂ ತೊಗರಿ ಜೋಳಗಳು ತೇವದ ಮೇಲೆ ಬೆಳೆಯುವುದೂ ಇದರಿಂದಲೇ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆಯ ಕಥೆ ಆರಂಭವಾಗುವುದು ಆ ಲಾವಾದಲ್ಲಿ.

ಪರಸಿಗಲ್ಲಿನ ಕಡಲು

ಕಗ್ಗಲ್ಲಿನ ಪದರ ಮುಗಿಯುವಲ್ಲಿ ಅದರಡಿಯ ಸುಣ್ಣಕಲ್ಲು ಹೊರಗೆ ತಲೆಯೆತ್ತುತ್ತದೆ. ಜೇವರ್ಗಿ, ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯ ಈ ಶಿಲೆಗಳು ಒಂದು ಕಾಲಕ್ಕೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ನೆಲೆಗೊಂಡ ಕೆಸರು. ಮಾಂಸಖಂಡ, ಮೂಳೆ, ಚಿಪ್ಪುಗಳುಳ್ಳ ಜೀವಿಗಳು ಹುಟ್ಟುವ ಮೊದಲಿನ ಪ್ರಾಟರೊಜೋಯಿಕ್ ಯುಗದ ಕೊನೆಯ ಭಾಗಕ್ಕೆ ಇವನ್ನು ಸೇರಿಸುವುದು ವಾಡಿಕೆ. ಸುಮಾರು 5,200 ಚದರ ಕಿಲೋಮೀಟರಿನ ಈ ಪ್ರದೇಶಕ್ಕೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಭೀಮಾ ಜಲಾನಯನ. ರಾಬರ್ಟ್ ಬ್ರೂಸ್ ಫೂಟ್ ತನ್ನ 1876ರ ದಕ್ಷಿಣ ಮರಾಠಾ ಸೀಮೆಯ ವರದಿಯಲ್ಲಿ ಈ ಶಿಲೆಗಳನ್ನು ವಿವರಿಸಿದ್ದಾನೆ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದವನೂ ಈತನೇ.

ಈ ಶಿಲಾವರ್ಗದ ಹೆಸರುಗಳು ಜಿಲ್ಲೆಯ ವಿದ್ಯಾರ್ಥಿಗೆ ನೆಂಟರಂತೆ ಪರಿಚಿತ. ತಳದಲ್ಲಿ ಮರಳುಗಲ್ಲು ಮತ್ತು ಜೇಡಿಗಲ್ಲುಗಳ ರಬ್ಬನಪಲ್ಲಿ ಸ್ತರ, ಅದರ ಮೇಲೆ ಶಹಾಬಾದ ಸುಣ್ಣಕಲ್ಲು. ಇವೆರಡೂ ಸೇರಿ ಸೇಡಂ ಉಪವರ್ಗ. ಇದರ ಮೇಲೆ ಹಲಕಲ್ ಜೇಡಿಗಲ್ಲು, ಕಟಮದೇವರಹಳ್ಳಿ ಸುಣ್ಣಕಲ್ಲು, ಹರವಾಳ ಜೇಡಿಗಲ್ಲು. ಇವು ಆಂದೋಲಾ ಉಪವರ್ಗ. ಆಂದೋಲಾ, ಹರವಾಳ ಎರಡೂ ಜೇವರ್ಗಿ ತಾಲ್ಲೂಕಿನ ಊರುಗಳು. ದೇಶದ ಸ್ತರವಿಜ್ಞಾನದ ಪುಸ್ತಕಗಳಲ್ಲಿ ಕಡಪಾ, ಕರ್ನೂಲು, ವಿಂಧ್ಯಗಳ ಜೊತೆಗೆ ಭೀಮಾ ಶಿಲಾವರ್ಗಕ್ಕೂ ಜಾಗವಿದೆ. ತನ್ನ ತಾಲ್ಲೂಕಿನ ಊರು ಆ ಪುಟದಲ್ಲಿದೆ ಎಂದು ತಿಳಿದ ವಿದ್ಯಾರ್ಥಿ ಆ ಪುಟವನ್ನು ಮರೆಯಲಾರ.

ಮನುಷ್ಯನ ಚರಿತ್ರೆ ಈ ಕಲ್ಲಿಗೆ ಅಂಟಿಕೊಂಡೇ ಬಂದಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವ ಇದೇ ವರ್ಗದ ಸುಣ್ಣಕಲ್ಲಿನ ಹಲಗೆಗಳನ್ನು ಒಡೆದು ಆಯುಧ ಮಾಡಿದ. ಕೆ. ಪದ್ದಯ್ಯ ಅವರು ಉತ್ಖನನ ನಡೆಸಿದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಹೇಳಲಾಗಿದೆ. ಭೀಮಾ ತೀರದ ಸನ್ನತಿ ಮತ್ತು ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳು, ಅಶೋಕನ ಹೆಸರು ಕೊರೆದ ಅವನ ಚಿತ್ರವೂ ಸೇರಿ, ಸುಣ್ಣಕಲ್ಲಿನಲ್ಲೇ ಅರಳಿದವು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿ ಇಂದು ಸಿಮೆಂಟ್ ಕಾರ್ಖಾನೆ ಇದೆ. ವಾಡಿ, ಸೇಡಂಗಳಲ್ಲೂ ಇವೆ. ಸುಣ್ಣಕಲ್ಲನ್ನು ಜೇಡಿಯೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಮೂಲವಸ್ತು ಸಿಗುತ್ತದೆ. 'ಸಿಮೆಂಟ್ ಕಾರ್ಖಾನೆಗಳು ಕಚ್ಚಾವಸ್ತುವಿನ ಬಳಿಯೇ ಏಕೆ?' ಎಂಬ ಭೂಗೋಳದ ಹಳೆಯ ಪ್ರಶ್ನೆಗೆ ಉತ್ತರ ಬಸ್ಸಿನ ಕಿಟಕಿಯಲ್ಲೇ ಕಾಣುತ್ತದೆ. ಸುಟ್ಟಾಗ ಸುಣ್ಣಕಲ್ಲಿನ ತೂಕದ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುವುದರಿಂದ, ಭಾರದ ಕಲ್ಲನ್ನು ದೂರ ಸಾಗಿಸುವುದು ನಷ್ಟ.

ಯಾವುದರ ಮೇಲೆ ಯಾವುದು?

ಇನ್ನು ಮೂರನೆಯ ಪ್ರಶ್ನೆ. 1669ರಲ್ಲಿ ನಿಕೊಲಸ್ ಸ್ಟೆನೊ ಹೇಳಿದ ನಿಯಮ ಸರಳ: ಕದಡದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಹಗೇವಿನಲ್ಲಿ ಮೊದಲು ಸುರಿದ ಜೋಳ ತಳದಲ್ಲಿರುವಂತೆ. ಈ ನಿಯಮವನ್ನು ಜಿಲ್ಲೆಗೆ ಅನ್ವಯಿಸಿದರೆ ತಳದಲ್ಲಿ ಗ್ರಾನೈಟ್ ಮತ್ತು ನೈಸ್, ಅದರ ಮೇಲೆ ಭೀಮಾ ಸುಣ್ಣಕಲ್ಲು, ಅದರ ಮೇಲೆ ಡೆಕ್ಕನ್ ಟ್ರ್ಯಾಪ್, ಎಲ್ಲಕ್ಕೂ ಮೇಲೆ ಎರೆ ಮಣ್ಣು ಮತ್ತು ಹೊಳೆಯ ಮೆಕ್ಕಲು.

ಆದರೆ ಪದರಗಳು ಒಂದರ ಬೆನ್ನಿಗೆ ಒಂದು ಬಂದವಲ್ಲ. ಗ್ರಾನೈಟಿಗೂ ಸುಣ್ಣಕಲ್ಲಿಗೂ ನಡುವೆ ನೂರು ಕೋಟಿ ವರ್ಷಗಳಿಗೂ ಮೀರಿದ ಅಂತರ. ಸುಣ್ಣಕಲ್ಲಿಗೂ ಲಾವಾಕ್ಕೂ ನಡುವೆ ನಲವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಗ್ರಂಥದ ನಡುವಿನ ಹಾಳೆಗಳು ಹರಿದುಹೋದಂಥ ಈ ಲೋಪಕ್ಕೆ ಶಾಸ್ತ್ರದಲ್ಲಿ 'ಅಸಂಗತಿ' ಎಂದು ಹೆಸರು. 1788ರಲ್ಲಿ ಸ್ಕಾಟ್ಲೆಂಡಿನ ಕಡಲ ತೀರದ ಸಿಕ್ಕರ್ ಪಾಯಿಂಟಿನಲ್ಲಿ ಜೇಮ್ಸ್ ಹಟನ್ ಇಂಥದೊಂದು ಲೋಪವನ್ನು ಕಂಡೇ ಭೂಮಿಯ ವಯಸ್ಸು ಊಹೆಗೂ ಮೀರಿದ್ದೆಂದು ಮನಗಂಡ. ಪುಸ್ತಕಗಳು ಸ್ಕಾಟ್ಲೆಂಡಿನ ಉದಾಹರಣೆಯನ್ನು ಕೊಡುತ್ತವೆ. ಕಲಬುರಗಿಯ ವಿದ್ಯಾರ್ಥಿ ಅದರ ಜೊತೆಗೆ ತನ್ನ ಜಿಲ್ಲೆಯ ಎರಡು ಉದಾಹರಣೆಗಳನ್ನು ಬರೆಯಬಲ್ಲ.

ಪದರಗಳು ಮುರಿದು ಜಾರಿದ ಜಾಗಕ್ಕೆ ಸ್ತರಭಂಗ ಎನ್ನುತ್ತಾರೆ. ಶಹಾಪುರ ತಾಲ್ಲೂಕಿನ ಗೋಗಿ ಬಳಿ ಇಂಥ ಸ್ತರಭಂಗದ ಉದ್ದಕ್ಕೂ, ನುಚ್ಚಾದ ಸುಣ್ಣಕಲ್ಲಿನಲ್ಲೂ ಕೆಳಗಿನ ಗ್ರಾನೈಟಿನಲ್ಲೂ ಯುರೇನಿಯಂ ಪತ್ತೆಯಾಗಿದೆ. ಶಿಲೆಗಳ ರಚನೆ, ಅದಿರಿನ ಹುಟ್ಟು, ಖನಿಜ ಶೋಧನೆ ಎಂಬ ಮೂರು ಬೇರೆ ಬೇರೆ ಅಧ್ಯಾಯಗಳು ಗೋಗಿಯೊಂದರಲ್ಲೇ ಕೂಡುತ್ತವೆ.

ನೀರು ಮತ್ತು ನಡುಕ

ನಾಲ್ಕನೆಯ ಪ್ರಶ್ನೆ ಪರೀಕ್ಷೆಗಿಂತ ದೊಡ್ಡದು. ಕಲ್ಲಿನಲ್ಲಿ ಎಷ್ಟು ಖಾಲಿ ಜಾಗವಿದೆ ಎಂಬುದು ಒಂದು ಮಾತು; ನೀರು ಅದರೊಳಗೆ ಹರಿಯಬಲ್ಲದೆ ಎಂಬುದು ಬೇರೆ ಮಾತು. ಎರೆ ಮಣ್ಣು ಬಹಳ ನೀರು ಹಿಡಿಯುತ್ತದೆ, ಆದರೆ ಕೆಳಕ್ಕೆ ಬಿಡುವುದು ನಿಧಾನ. ತೂತುಗಲ್ಲಿನಲ್ಲಿ ತೂತು ಇದ್ದರೂ ಅವು ಒಂದಕ್ಕೊಂದು ಕೂಡಿರದಿದ್ದರೆ ನೀರು ಹರಿಯದು. ಗಟ್ಟಿ ಬಸಾಲ್ಟಿನಲ್ಲಿ ಬಿರುಕು ಸಿಕ್ಕರೆ ನೀರು, ಇಲ್ಲವಾದರೆ ಪುಡಿ. ಒಬ್ಬ ರೈತನ ಕೊಳವೆಬಾವಿಗೆ ನೀರು ಬಂದು ಪಕ್ಕದ ಹೊಲದವನದು ಬತ್ತುವುದಕ್ಕೆ ಹಣೆಬರಹವನ್ನು ದೂರುವ ಮೊದಲು ಕೆಳಗಿನ ಪದರವನ್ನು ಕೇಳಬೇಕು. ಹುಡುಗನಿಗೆ ಇದು ಎರಡು ಅಂಕದ ವ್ಯತ್ಯಾಸ. ಅವನ ತಂದೆಗೆ ಸಾಲದ ವಿಷಯ.

ನಡುಕದ ಪಾಠ ಇನ್ನೂ ಕಠಿಣ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಆಳಂದದ ಉತ್ತರಕ್ಕೆ 50-60 ಕಿಲೋಮೀಟರ್ ದೂರದ ಕಿಲ್ಲಾರಿಯಲ್ಲಿ ಭೂಮಿ ಅದುರಿತು. ಗಣೇಶ ವಿಸರ್ಜನೆ ಮುಗಿಸಿ ಬಂದು ಜನ ಮಲಗಿದ್ದ ಸಮಯ. 6.2ರ ಪ್ರಮಾಣದ ಆ ಕಂಪನದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ದಖ್ಖನ್ ಪೀಠಭೂಮಿ ಅಲುಗಾಡದ ಗಟ್ಟಿ ನೆಲ ಎಂದು ಅದುವರೆಗೆ ಹಲವು ಪುಸ್ತಕಗಳು ಹೇಳಿದ್ದವು. ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕೃತ ನಕ್ಷೆ ಒಂದನೆಯ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಸೀಮೆಯನ್ನು ಮೂರನೆಯ ವಲಯಕ್ಕೆ ಸೇರಿಸಿತು. ಆನಂತರ ಕಿಲ್ಲಾರಿಯಲ್ಲಿ ಕೊರೆದ 617 ಮೀಟರಿನ ಬಾವಿಯಲ್ಲಿ 338 ಮೀಟರ್ ಬಸಾಲ್ಟ್, ಅದರಡಿ 8 ಮೀಟರ್ ಕಣಶಿಲೆ, ಅದಕ್ಕೂ ಕೆಳಗೆ ಪುರಾತನ ತಳಶಿಲೆ ಸಿಕ್ಕಿತು. ಸ್ತರಗಳ ಕ್ರಮ ಎಂಬ ಅಧ್ಯಾಯ ಅಲ್ಲಿ ಒಂದೇ ಕೊಳವೆಯಲ್ಲಿ ಎದ್ದು ಬಂದಿತ್ತು.

ಅಂದು ಕೊಂದದ್ದು ನೆಲದ ನಡುಕಕ್ಕಿಂತ ಮನೆಯ ಗೋಡೆ. ಕೈಗೆ ಸಿಕ್ಕ ಕಗ್ಗಲ್ಲನ್ನು ಬರಿ ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆಗಳು, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಗೋಡೆ ಒಡೆದಾಗ ಮಾಳಿಗೆ ಕೆಳಗೆ ಬಂತು. ಅಂಥ ಮನೆಗಳು ಗಡಿಯ ಈಚೆಗೂ ಇವೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮತ್ತೆ ಮತ್ತೆ ನೆಲ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದು ಇದಕ್ಕೇ. ಪ್ರಮಾಣ ಎಂದರೆ ಹೊಮ್ಮಿದ ಶಕ್ತಿಯ ಅಳತೆ, ತೀವ್ರತೆ ಎಂದರೆ ಒಂದು ಜಾಗದಲ್ಲಿ ಆದ ಪರಿಣಾಮದ ಅಳತೆ. ಪರೀಕ್ಷಾರ್ಥಿಗಳು ಪದೇ ಪದೇ ಎಡವುವ ಈ ಭೇದವನ್ನು ಕಿಲ್ಲಾರಿಯ ಗೋಡೆಗಳನ್ನು ನೆನೆದವರು ಮರೆಯುವುದಿಲ್ಲ.

ಓದುವ ಕ್ರಮ

ಹೀಗೆ ನೋಡಿದರೆ ಓದಿನ ಕ್ರಮವೂ ಸ್ಪಷ್ಟವಾಗುತ್ತದೆ. ಮೊದಲು ಕೈಯಲ್ಲಿ ಕಲ್ಲು ಹಿಡಿದು ಗುರುತಿಸುವ ಅಭ್ಯಾಸ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ, ಅದೂ ಪ್ರಯೋಗಾಲಯದಲ್ಲಿ ಅಧ್ಯಾಪಕರ ಎದುರು, ಪರಸಿಗಲ್ಲಿನ ಮೇಲೆ ಬಿದ್ದರೆ ನೊರೆಯುಕ್ಕುತ್ತದೆ. ಕಗ್ಗಲ್ಲಿನ ಮೇಲೆ ಸುಮ್ಮನಿರುತ್ತದೆ. 1812ರಲ್ಲಿ ಫ್ರೀಡ್ರಿಕ್ ಮೋಸ್ ರೂಪಿಸಿದ ಗಡಸುತನದ ಮಾಪನದಲ್ಲಿ ಕ್ಯಾಲ್ಸೈಟಿನ ಸ್ಥಾನ 3, ಬೆಣಚಿನದು 7. ಚಾಕುವಿನ ಮೊನೆ ಮೊದಲನೆಯದನ್ನು ಗೀರುತ್ತದೆ, ಎರಡನೆಯದನ್ನು ಗೀರಲಾರದು. ಎರಡನೆಯದು ನಕ್ಷೆ. ಭೂವೈಜ್ಞಾನಿಕ ಸರ್ವೇಕ್ಷಣೆಯ 'ಭೂಕೋಶ' ಜಾಲತಾಣದಲ್ಲಿ ತನ್ನ ತಾಲ್ಲೂಕಿನ ಶಿಲಾನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಮೂರನೆಯದು ಕಾಲಗಣನೆ, ಯುಗಗಳ ಹೆಸರನ್ನು ಮೊದಲು ಜಿಲ್ಲೆಯ ಶಿಲೆಗಳಿಗೆ ಜೋಡಿಸಿ, ಆಮೇಲೆ ದೇಶಕ್ಕೆ, ಲೋಕಕ್ಕೆ ಹಿಗ್ಗಿಸಬೇಕು. ಸೂತ್ರ, ಸಮೀಕರಣ, ಹರಳುಗಳ ಜ್ಯಾಮಿತಿ ಬರಬೇಕಾದುದು ಇವುಗಳ ನಂತರ. ಊರ ನೆಲದಲ್ಲಿ ಸಿಗದ ಕಲ್ಲಿದ್ದಲು, ಹಿಮಾಲಯ, ಪಳೆಯುಳಿಕೆಗಳ ಪಾಠಕ್ಕೆ ಪುಸ್ತಕವನ್ನೇ ನೆಚ್ಚಬೇಕು, ನಿಜ. ಆದರೆ ಬುನಾದಿ ಗಟ್ಟಿಯಾಗಿದ್ದವನಿಗೆ ಅದು ಹೊರೆಯಲ್ಲ.

ಒಂದು ತೊಡಕನ್ನು ಮಾತ್ರ ಮುಚ್ಚಿಡುವಂತಿಲ್ಲ. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯನ್ನು ಬರೆಯಬೇಕಾದುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಪ್ರತಿಭೆ ಸೋಲುವುದು ಹೆಚ್ಚಾಗಿ ಇಲ್ಲಿ, ಶಾಸ್ತ್ರದಲ್ಲಲ್ಲ. ಅದಕ್ಕೆ ಉಪಾಯ ಎರಡು ಕಾಲಮ್ಮಿನ ಒಂದು ನೋಟ್‌ಬುಕ್ಕು. ಎಡಗಡೆ ಕಗ್ಗಲ್ಲು, ಗರಸು, ಪರಸಿ, ಎರೆ, ಬೆಣಚು, ಸ್ತರಭಂಗ; ಬಲಗಡೆ ಪರೀಕ್ಷೆಯ ಭಾಷೆಯ ಹೆಸರು. ಎಡಗಡೆಯದು ಅಜ್ಜನಿಂದ ಬಂದದ್ದು, ಆಗಲೇ ಗೊತ್ತಿರುವಂಥದ್ದು. ಕಲಿಯಬೇಕಾದುದು ಅರ್ಧ ಮಾತ್ರ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಇಂದು ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅದರಲ್ಲಿ ಭೂವಿಜ್ಞಾನದ ವಿಭಾಗವೂ ಇದೆ. ಆ ಕಟ್ಟಡಗಳ ಅಡಿಪಾಯ ಇಳಿದಿರುವುದು ಅದೇ ಲಾವಾದ ನಾಡಿನಲ್ಲಿ. ಮುಂದೊಂದು ದಿನ ಜೇವರ್ಗಿಯ ಹಳ್ಳಿಯೊಂದರ ಹುಡುಗಿ ಭೂವಿಜ್ಞಾನಿಯಾಗಿ ಬಂದು, ಎಲ್ಲಿ ಬಾವಿ ತೆಗೆಯಬಾರದು, ಎಂಥ ಗೋಡೆ ಕಟ್ಟಬಾರದು ಎಂದು ತನ್ನೂರಿನವರಿಗೆ ತನ್ನೂರಿನ ಮಾತಿನಲ್ಲಿ ಹೇಳಿದರೆ, ಆಕೆ ಪಡೆದ ಅಂಕಗಳಿಗೆ ಪೂರ್ಣ ಬೆಲೆ ಬಂದಂತೆ.